ಇಲ್ಲದ ತೂತಿನ ಬೆಲೆ

ಪೈಪು ಸೇದುವವರ ಲೋಕದಲ್ಲಿ ಯಾರೂ ಬರೆದಿಡದ ಒಂದು ಕಾನೂನಿದೆ. ಅಗ್ಗದ ಪೈಪು ಕಹಿಯಾದರೆ ತಪ್ಪು ಪೈಪಿನದು. ದುಬಾರಿ ಪೈಪು ಕಹಿಯಾದರೆ ತಪ್ಪು ತಂಬಾಕಿನದು, ಹವೆಯದು, ಆಗಷ್ಟೇ ಕುಡಿದ ಕಾಫಿಯದು. ಯಾವುದೂ ಒಗ್ಗದಿದ್ದರೆ ಸೇದಿದವನ ನಾಲಿಗೆಯದು. 50 ಸಾವಿರ ರೂಪಾಯಿ ಎಣಿಸಿ ಕೊಟ್ಟವನಿಗೆ ಸುಖಪಡದೆ ಗತ್ಯಂತರವಿಲ್ಲ.

ಅಷ್ಟು ದುಡ್ಡು ಹೋಗುವುದಾದರೂ ಎಲ್ಲಿಗೆ? ಹೆಸರುವಾಸಿ ಪೈಪುಗಳೆಲ್ಲ ಹೆಚ್ಚಾಗಿ ಬ್ರಯರ್‌ನವು. ಮೆಡಿಟರೇನಿಯನ್ ಸೀಮೆಯ ಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆಯ ಬುಡದಲ್ಲಿ, ಮಣ್ಣಿನೊಳಗೆ ಕಟ್ಟುವ ಗಂಟು ಅದು. ಅಗೆದು ತೆಗೆದು, ತುಂಡು ಮಾಡಿ, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬೆಂಕಿಗೆ ಸುಲಭವಾಗಿ ಬಗ್ಗದ ಗಟ್ಟಿ ಆಸಾಮಿ. ಆದರೆ ಈ ಗಂಟಿನ ಒಡಲಲ್ಲಿ ಅಲ್ಲಲ್ಲಿ ಪುಟ್ಟ ಟೊಳ್ಳುಗಳಿರುತ್ತವೆ. ಕೆತ್ತುತ್ತ ಹೋದಂತೆ ಸಾಸಿವೆ ಕಾಳಿನಷ್ಟು ತೂತು ಮೇಲೆ ಬರುತ್ತದೆ. ಬಂತೋ, ಬೆಲೆ ಬಿತ್ತು. ಅದಕ್ಕೆ ಲಪ್ಪ ಮೆತ್ತಿ ಬಣ್ಣ ಬಳಿಯುತ್ತಾರೆ, ಇಲ್ಲವೇ ಮೈಯನ್ನೆಲ್ಲ ತರಿತರಿ ಮಾಡಿ ಮರೆಸುತ್ತಾರೆ. ತೂತೇ ಇಲ್ಲದೆ, ಗೆರೆಗಳು ನೆಟ್ಟಗೆ ಮೇಲೇರಿದ ಪೈಪು ಮಾತ್ರ ಗಾಜಿನ ಕಪಾಟಿಗೆ ಹೋಗುತ್ತದೆ.

ಹೊಗೆಗೆ ಇದರ ಗೊಡವೆಯಿಲ್ಲ. ಅದಕ್ಕೆ ಬೇಕಾದ ತೂತು ಒಂದೇ: ಬಟ್ಟಲಿನ ತಳಕ್ಕೆ ಸರಿಯಾಗಿ ಬಂದು ಸೇರುವ ಕಂಡಿ. ಅದು ನೆಟ್ಟಗಿದ್ದು, ಮರ ಒಣಗಿದ್ದು, ತಂಬಾಕನ್ನು ತೀರಾ ಬಿಗಿಯಾಗಿ ತುಂಬದೆ ನಿಧಾನವಾಗಿ ಸೇದಿದರೆ ನಾಲಿಗೆ ಸುಡುವುದಿಲ್ಲ, ಕೊಳವೆಯಲ್ಲಿ ನೀರು ಗೊರಗುಟ್ಟುವುದಿಲ್ಲ. ತೀರಾ ಕಳಪೆ ಮಾಲಿನಲ್ಲಿ ಕಂಡಿ ಸೊಟ್ಟಗಿರುತ್ತದೆ, ನಿಜ. ಆ ಗಡಿ ದಾಟಿದ ಮೇಲೆ ಗಿರಾಕಿ ದುಡ್ಡು ಸುರಿಯುವುದು ಇರುವ ತೂತಿಗಲ್ಲ, ಇಲ್ಲದ ತೂತಿಗೆ.

ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ತಂಬಾಕಿನ ಅಂಗಡಿ ತೆರೆದರು. ಮುಂದೆ ಅವರ ಪೈಪುಗಳ ಬಾಯಿಕೊಳವೆಯ ಮೇಲೆ ಒಂದು ಬಿಳಿ ಚುಕ್ಕಿ ಬಂತು. ಕೊಳವೆಯನ್ನು ಸಿಕ್ಕಿಸುವಾಗ ಮೇಲ್ಭಾಗ ಯಾವುದೆಂದು ಗಿರಾಕಿಗೆ ಗೊತ್ತಾಗಲಿ ಎಂಬುದಷ್ಟೇ ಅದರ ಉದ್ದೇಶ. ಈಗ ಅದೇ ಚುಕ್ಕಿ ಮೇಲ್ವರ್ಗ ಯಾವುದೆಂದು ತೋರಿಸುವ ಕೆಲಸಕ್ಕೆ ಬಡ್ತಿ ಪಡೆದಿದೆ.

ಅತ್ತ ಅಮೆರಿಕದ ಮಿಸ್ಸೂರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನಲ್ಲಿ 1869ರಿಂದ ಮುಸುಕಿನ ಜೋಳದ ದಿಂಡಿನಲ್ಲಿ ಪೈಪು ಮಾಡುತ್ತಿದ್ದಾರೆ. ಕಾಳು ಬಿಡಿಸಿದ ದಿಂಡು, ಅದಕ್ಕೊಂದು ಕೊಳವೆ; ಬೆಲೆ ಕೆಲವೇ ಡಾಲರ್. ಹೊಸದರಲ್ಲೇ ಹದವಾಗಿ ಸೇದಬಹುದು, ಪಳಗಿಸುವ ಶಾಸ್ತ್ರವಿಲ್ಲ. ಸೋತ ಜಪಾನಿನ ನೆಲದ ಮೇಲೆ 1945ರ ಆಗಸ್ಟ್ 30ರಂದು ಅಮೆರಿಕದ ಜನರಲ್ ಮೆಕಾರ್ಥರ್ ವಿಮಾನದಿಂದ ಇಳಿದಾಗ ಬಾಯಲ್ಲಿದ್ದದ್ದು ದಿಂಡಿನ ಪೈಪೇ. ಒಂದು ಸಾಮ್ರಾಜ್ಯದ ಶರಣಾಗತಿ ಪಡೆಯಲು ಸಾಕಾದದ್ದು ನಮ್ಮ ರಸಿಕರಿಗೆ ಭಾನುವಾರ ಸಂಜೆಯ ಹರಟೆಗೆ ಸಾಲದು.

ಹಾಗೆಂದು ದುಬಾರಿ ಪೈಪಿನವನು ಸುಳ್ಳು ಹೇಳುತ್ತಾನೆ ಎನ್ನುವಂತಿಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದು, ಇನ್ನೊಮ್ಮೆ 90 ಡಾಲರಿನದು ಎಂದು ಹೇಳಿ ಕುಡಿಸಿದರು. 90 ಎಂದಾಗ ರುಚಿ ಹೆಚ್ಚಾಯಿತು. ಸ್ಕ್ಯಾನಿನಲ್ಲಿ ನೋಡಿದರೆ ಸುಖಕ್ಕೆ ಸಂಬಂಧಪಟ್ಟ ಮೆದುಳಿನ ಭಾಗವೂ ಹೆಚ್ಚು ಚುರುಕಾಗಿತ್ತು. ಅಂದಮೇಲೆ ಸುಖ ಅಪ್ಪಟವೇ. ಅದು ಬಟ್ಟಲಿನಿಂದ ಬರುತ್ತಿಲ್ಲ, ಬಿಲ್ಲಿನಿಂದ ಬರುತ್ತಿದೆ, ಅಷ್ಟೆ.

ಬೆಲೆ ಇನ್ನೂ ಮೇಲೇರಿದರೆ ಕಥೆ ಮತ್ತೂ ಸೊಗಸು. ಸಂಗ್ರಾಹಕರ ಸಂತೆಯಲ್ಲಿ ಒಮ್ಮೆಯೂ ಬೆಂಕಿ ಕಾಣದ ಪೈಪಿಗೇ ಹೆಚ್ಚು ಕಿಮ್ಮತ್ತು. ಒಂದು ಸಲ ಸೇದಿದರೂ ಅದು ಸೆಕೆಂಡ್ ಹ್ಯಾಂಡು. ಹೀಗಾಗಿ ಅಸಲಿ ರಸಿಕ ಅದನ್ನು ಒರೆಸುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ಮತ್ತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಪೈಪೂ ಕಾರಣವೆಂದು ವೈದ್ಯರು ಹೇಳುತ್ತಲೇ ಇದ್ದಾರೆ, ಕೇಳುವವರಿಲ್ಲ. ಅವರು ಉಪದೇಶ ನಿಲ್ಲಿಸಿ ಚೀಟಿಯಲ್ಲಿ ಲಕ್ಷ ರೂಪಾಯಿಯ ಪೈಪು ಬರೆದುಕೊಡುವುದು ಮೇಲು. ಹಚ್ಚಲು ಧೈರ್ಯ ಬಾರದಷ್ಟು ದುಬಾರಿಯಾದದ್ದು ಯಾರ ಆರೋಗ್ಯವನ್ನೂ ಕೆಡಿಸುವುದಿಲ್ಲ.