ವಾಟದ ರಾಯರು

ಮೈಸೂರಿನ ನಮ್ಮ ಬಡಾವಣೆಯಲ್ಲಿ ಯಾರ ಮನೆ ಮುಂದೆ ಅರ್ಧ ಲೋಡು ಎಂ-ಸ್ಯಾಂಡ್ ಬಿದ್ದರೂ ರಾಯರಿಗೆ ಗೊತ್ತಾಗಿಬಿಡುತ್ತದೆ. ಸರ್ಕಾರಿ ಎಂಜಿನಿಯರಾಗಿ ಸೇತುವೆ, ಮೋರಿ ಕಟ್ಟಿಸಿ ನಿವೃತ್ತರಾದವರು. ಮಂಕಿ ಕ್ಯಾಪ್, ವಾಕಿಂಗ್ ಶೂ, ಬಗಲಲ್ಲಿ ಬಟ್ಟೆಚೀಲ, ಚೀಲದಲ್ಲಿ ರಸಮಟ್ಟ. "ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತಾರೆ. ನೋಡುವುದು ನಿಜ, ಸುಮ್ಮನಿದ್ದದ್ದನ್ನು ಕಂಡವರಿಲ್ಲ.

ಮೊನ್ನೆ ಎದುರುಮನೆಯವರು ಬಚ್ಚಲಿಗೆ ಹೊಸ ವಾಶ್‌ಬೇಸಿನ್ ತಂದರು. ಬಣ್ಣ ಹೇಗಿದೆ ಎಂದು ಕೇಳಿದರೆ ರಾಯರು ಅತ್ತ ತಿರುಗಲೂ ಇಲ್ಲ. ಅವರ ಕಣ್ಣೆಲ್ಲ ಗೋಡೆ ಒಡೆದಿದ್ದ ಕಡೆ.

"ಅಡಿಗೆ ಕಾಲಿಂಚು ವಾಟ ಕೊಡಪ್ಪ. ಕಡಿಮೆಯಾದ್ರೆ ನೀರು ನಿಲ್ಲುತ್ತೆ. ಜಾಸ್ತಿಯಾದ್ರೆ ನೀರು ಓಡಿಹೋಗಿ ಸೋಪಿನ ಜಿಡ್ಡು ಅಲ್ಲೇ ಕೂರುತ್ತೆ."

"ಆಯ್ತು ಸಾರ್" ಎಂದ ಪ್ಲಂಬರ್. ಅವನ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು. ರಾಯರದು ಈಗಷ್ಟೇ ಶುರುವಾಗಿತ್ತು. ಬಾಟಲ್ ಟ್ರ್ಯಾಪ್ ಎತ್ತಿಕೊಂಡು, "ಇದರಲ್ಲಿ ಎರಡಿಂಚು ನೀರು ಸದಾ ನಿಂತಿರಬೇಕು. ಚರಂಡಿ ನಾತ ಒಳಗೆ ಬರದ ಹಾಗೆ ತಡೆಯೋದು ಅಷ್ಟೇ ನೀರು. 1775ರಲ್ಲಿ ಲಂಡನ್ನಿನಲ್ಲಿ ಗಡಿಯಾರ ಮಾಡ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಅನ್ನೋನು ಕಕ್ಕಸಿನ ಪೈಪನ್ನ ಎಸ್ ಥರ ಬಗ್ಗಿಸಿ ಪೇಟೆಂಟ್ ತಗೊಂಡ, ಗೊತ್ತಾ?"

"ಅವರ ನಂಬರ್ ಇದ್ರೆ ಕೊಡಿ ಸಾರ್. ನಮ್ಮ ಹೆಲ್ಪರ್ ಇವತ್ತು ರಜೆ."

ರಾಯರು ನಗಲಿಲ್ಲ. ಕೊನೆಯ ಅಸ್ತ್ರ ಬಿಟ್ಟರು: "ವೆಂಟ್ ಎಲ್ಲಿ?"

"ಒಂದು ಬೇಸಿನ್ನಿಗೆ ಯಾಕೆ ಸಾರ್ ವೆಂಟು? ಯಾರೂ ಕೇಳಲ್ಲ."

"ಮಹಡಿಯವರು ಒಂದು ಬಕೆಟ್ ನೀರು ಸುರೀಲಿ, ಅದೇ ಕೇಳುತ್ತೆ! ನೀರು ಪೈಪು ತುಂಬ್ಕೊಂಡು ಇಳೀವಾಗ ಹಿಂದಿನ ಗಾಳೀನ ಎಳ್ಕೊಳ್ಳುತ್ತೆ. ಗಾಳಿಗೆ ಬೇರೆ ದಾರಿ ಇಲ್ದಿದ್ರೆ ಟ್ರ್ಯಾಪಲ್ಲಿರೋ ನೀರನ್ನೇ ಗೊಳಕ್ ಅಂತ ಹೀರಿಬಿಡುತ್ತೆ. ಆಮೇಲೆ ಮೂಗು ಮುಚ್ಕೊಂಡು ಹಲ್ಲುಜ್ಜಬೇಕು, ಅಷ್ಟೆ."

ತಾರಸಿ ದಾಟುವಷ್ಟು ಉದ್ದದ ಪೈಪು, ಅದರ ತುದಿಗೊಂದು ಕೌಲ್, ಗೋಡೆಗೆ ಕ್ಲಾಂಪು ಎಂದು ಪ್ಲಂಬರ್ ಬೆರಳು ಮಡಿಸತೊಡಗಿದಂತೆ ಮನೆಯ ಯಜಮಾನರ ಮುಖ ಸಣ್ಣಗಾಯಿತು. ಆದರೂ ಪೈಪು ಬಂತು. ರಾಯರ ಮಾತು ಮೀರಬಹುದು, ಮೀರಿದ ಮೇಲೆ ದಿನಾ ಸಂಜೆ ಗೇಟಿನ ಹತ್ತಿರ ನಿಂತು "ವಾಸನೆ ಬಂತಾ?" ಎಂದು ವಿಚಾರಿಸುವವರನ್ನು ತಪ್ಪಿಸಿಕೊಳ್ಳುವುದು ಹೇಗೆ?

ಕೆಲಸ ಮುಗಿದ ದಿನ ಪರೀಕ್ಷೆ. ಮಹಡಿಯಿಂದ ನೀರು ಸುರಿಸಿ, ರಾಯರು ಹಚ್ಚಿದ ಊದುಬತ್ತಿಯನ್ನು ಬೇಸಿನ್ನಿನ ತೂತಿನ ಹತ್ತಿರ ಹಿಡಿದರು. ಹೊಗೆ ಒಳಕ್ಕೆ ಹೋಗದೆ ನೆಟ್ಟಗೆ ಮೇಲೇರಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಭಕ್ತಿಯಿಂದ ಕೈಮುಗಿದು, "ಮಂಗಳಾರತಿ ಎಷ್ಟೊತ್ತಿಗೆ?" ಎಂದರು.

"ನಂಗೆ ಬೆಳಗ್ಗೇನೇ ಆಯ್ತು ಅಜ್ಜಿ" ಎಂದ ಪ್ಲಂಬರ್.

ಇಂಥವರ ಮೇಲೆ ಮನಸಾರೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಹೇಳಿದ್ದೆಲ್ಲ ಸರಿಯಾಗಿರುತ್ತದೆ, ಅದೇ ದೊಡ್ಡ ತೊಂದರೆ.

ಸಂಜೆ ಎದುರುಮನೆಯಾಕೆ ರಾಯರ ಹೆಂಡತಿಯ ಹತ್ತಿರ, "ಪಾಪ, ನಿಮ್ಮ ಯಜಮಾನರಿಗೆ ನಮ್ಮಿಂದ ತುಂಬಾ ತೊಂದರೆ ಆಯ್ತು" ಎಂದು ಸೌಜನ್ಯಕ್ಕೆ ಹೇಳಿದರು.

"ಅಯ್ಯೋ, ಹಾಗನ್ಬೇಡಿ ಕಣಮ್ಮ" ಎಂದು ಅವರು ಕೈ ಹಿಡಿದುಕೊಂಡರು. "ರಿಟೈರಾದಾಗಿನಿಂದ ಮನೇಲಿ ದೋಸೆ ಕಾವಲಿಗೂ ರಸಮಟ್ಟ ಇಡ್ತಾರೆ. ನಿಮ್ಮನೆ ಕೆಲಸ ನಡೀತಿದ್ದಾಗ್ಲೇ ನಾನು ಸ್ವಲ್ಪ ಉಸಿರಾಡಿದ್ದು. ನಿಮ್ಮ ಮಹಡೀಲಿ ಇನ್ನೊಂದು ಬಚ್ಚಲಿದೆಯಲ್ಲ, ಅದಕ್ಕೂ ಒಂದು ಬೇಸಿನ್ ಹಾಕಿಸ್ಬಿಡಿ. ಪೈಪಿನ ದುಡ್ಡು ಬೇಕಾದ್ರೆ ನಾನೇ ಕೊಡ್ತೀನಿ."