ತೈಲಾಧಿಕರಣ, ಅಥವಾ ಪೆಟ್ರೋಲ್ ಬಂಕ್‌ಗಳ ತೌಲನಿಕ ಮೀಮಾಂಸೆ

ಲೋಕದ ಸಮಸ್ತ ವಾಹನಿಗರಲ್ಲಿ ಎರಡೇ ಮತ. ಪೈಪನ್ನು ತಾವೇ ಹಿಡಿಯುವವರದು ಒಂದು. ಪೈಪು ಹಿಡಿದವನನ್ನು ರೆಪ್ಪೆ ಬಡಿಯದೆ ನೋಡುವವರದು ಇನ್ನೊಂದು. ಕನ್ನಡಿಗರು ಎರಡನೆಯ ಮತದವರು. "ಜೀರೋ ನೋಡ್ಕೊಳ್ಳಿ ಸಾರ್" ಎಂಬುದೇ ನಮ್ಮ ಸಂಕಲ್ಪ. ನೂರು ರೂಪಾಯಿ ಎಂದರೆ ಮೋಸ, ನೂರಾ ಹತ್ತು ಎಂದರೆ ಕ್ಷೇಮ ಎಂಬುದು ನಮ್ಮ ಸಂಪ್ರದಾಯ. ಪೂರ್ವಾಚಾರ್ಯರು ಈ ವಿಷಯದಲ್ಲಿ ಏನನ್ನೂ ಹೇಳಿಲ್ಲವಾದ್ದರಿಂದ (ಅವರದು ಎತ್ತಿನ ಗಾಡಿ) ಪ್ರಸ್ತುತ ಗ್ರಂಥ ಅನಿವಾರ್ಯವಾಯಿತು.

ಮೊದಲು ಸಂಖ್ಯಾವಿಚಾರ, ಅಂದರೆ ಪೆಟ್ರೋಲಿನ ಆಕ್ಟೇನ್ ಅಂಕದ ವಿಚಾರ. ಹಬ್ಬದೂಟದ ಪಂಕ್ತಿಯಲ್ಲಿ ಜರ್ಮನಿಯ ಭಾವ, "ನಮ್ಮಲ್ಲಿ 95ಕ್ಕಿಂತ ಕೆಳಗೆ ಮಾತೇ ಇಲ್ಲ" ಎನ್ನುತ್ತಾನೆ. ಅಮೆರಿಕದ ಷಡ್ಡಕ 87 ಎಂದು ಹೇಳಲಾರದೆ ಹೋಳಿಗೆಯತ್ತ ನೋಡುತ್ತಾನೆ. ಊರಲ್ಲೇ ಉಳಿದವನು ಬಿಎಸ್-6ರ ಕನಿಷ್ಠ 91 ಹಿಡಿದುಕೊಂಡು ನಡುವೆ ಕೂರುತ್ತಾನೆ. ಇದು ಪೂರ್ವಪಕ್ಷ.

ಸಿದ್ಧಾಂತವೇನೆಂದರೆ, ಷಡ್ಡಕ ನಾಚಬೇಕಾದ್ದಿಲ್ಲ. ಪೆಟ್ರೋಲಿಗೆ ಎರಡು ಪರೀಕ್ಷೆಗಳುಂಟು. ಒಂದರಲ್ಲಿ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ. ಇನ್ನೊಂದರಲ್ಲಿ 900 ಸುತ್ತು, ಮಿಶ್ರಣವನ್ನೂ ಕಾಯಿಸಿರುತ್ತಾರೆ. ಸಹಜವಾಗಿ ಅಂಕ ಕಡಿಮೆ. ಯುರೋಪಿನವರೂ ನಾವೂ ಸುಲಭದ ಪರೀಕ್ಷೆಯ ಅಂಕವನ್ನಷ್ಟೇ ಫಲಕದ ಮೇಲೆ ಬರೆಯುತ್ತೇವೆ. ಅಮೆರಿಕದವರು ಎರಡರ ಸರಾಸರಿ ಹಾಕುತ್ತಾರೆ. ಅವರ 87 ಎಂದರೆ ಹೆಚ್ಚುಕಡಿಮೆ ನಮ್ಮ 91. ಅದ್ವೈತವೆಂದರೆ ಇದೇ. ಇನ್ನು ಕೊಲರಾಡೋದಂಥ ಬೆಟ್ಟದ ಸೀಮೆಯಲ್ಲಿ ಗಾಳಿ ತೆಳು, ಎಂಜಿನ್ ನಾಕಿಂಗ್ ಕಡಿಮೆ ಎಂಬ ನೆಪದಲ್ಲಿ 85ನ್ನೂ ಪಾಸು ಮಾಡುತ್ತಾರೆ.

ಆಕ್ಟೇನ್ ಎಂಬುದು ಶಕ್ತಿಯಲ್ಲ, ಸಹನೆ: ಒತ್ತಡ ಬಿದ್ದಾಗ ಹೊತ್ತಿಗೆ ಮುಂಚೆಯೇ ಸಿಡಿಯದಿರುವ ಗುಣ. ಆದರೂ "ನಾರ್ಮಲ್ಲಾ, ಪವರ್ರಾ?" ಎಂದು ಬಂಕ್ ಹುಡುಗ ಕೇಳಿದಾಗ ಅಕ್ಕಪಕ್ಕ ನಿಂತವರ ಎದುರು "ನಾರ್ಮಲ್" ಎನ್ನಲು ಧೈರ್ಯ ಬೇಕು. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ 100 ಆಕ್ಟೇನ್ ಪೆಟ್ರೋಲು ಬಿಟ್ಟಾಗ, ಮಕ್ಕಳ ಅಂಕಪಟ್ಟಿಯಲ್ಲಿ ನೂರನ್ನು ಕಾಣದ ತಂದೆಯರಿಗೆ ಟ್ಯಾಂಕಿನಲ್ಲಾದರೂ ಕಾಣುವ ಯೋಗ ಬಂತು. ಸ್ಕೂಟರಿಗೆ ಅದರಿಂದ ಯಾವ ಪುಣ್ಯವೂ ಇಲ್ಲ.

ಮುಖ್ಯ ಪ್ರಶ್ನೆ ಅಧಿಕಾರದ್ದು: ಪೈಪು ಮುಟ್ಟಲು ಯಾರು ಅರ್ಹರು? ನ್ಯೂಜೆರ್ಸಿ 1949ರಲ್ಲೇ ಕಾನೂನು ಮಾಡಿ, ಗಾಡಿಯ ಯಜಮಾನ ಮುಟ್ಟಿದರೆ ಮೈಲಿಗೆ ಎಂದು ಸಾರಿತು. ಎರಡು ವರ್ಷದ ನಂತರ ಓರೆಗಾನ್ ಹಿಂಬಾಲಿಸಿತು. ಬ್ರೆಜಿಲ್ 2000ದಲ್ಲಿ ಇಡೀ ದೇಶಕ್ಕೇ ಈ ಮಡಿಯನ್ನು ವಿಧಿಸಿತು. ಜಪಾನಿನದು ವಿಶಿಷ್ಟಾದ್ವೈತ. 1998ರಲ್ಲಿ ಸ್ವಯಂಸೇವೆಗೆ ಒಪ್ಪಿಗೆ ಸಿಕ್ಕಿತಾದರೂ, ಒಳಗೆ ಕೂತ ಸಿಬ್ಬಂದಿ ನಿಮ್ಮನ್ನು ನೋಡಿ ಸ್ವಿಚ್ ಒತ್ತಿ ಅನುಗ್ರಹಿಸುವವರೆಗೆ ತೊಟ್ಟೂ ಇಳಿಯದು. ಸೇವೆಯಿರುವ ಬಂಕಿನಲ್ಲೋ, ಗಾಜು ಒರೆಸಿ, ರಸ್ತೆಯವರೆಗೂ ಬಂದು ತಲೆಬಾಗಿ ಬೀಳ್ಕೊಡುವುದುಂಟು. ನಮ್ಮಲ್ಲಿ ಹಿಂದಿನ ಆಟೋದವನ ಹಾರನ್ ಆ ಕೆಲಸ ಮಾಡುತ್ತದೆ.

ಹಣದ ವಿಷಯದಲ್ಲಿ ಬ್ರಿಟನ್ ಶ್ರದ್ಧಾವಂತ ದೇಶ: ಮೊದಲು ತುಂಬಿಸಿಕೊಳ್ಳುತ್ತಾರೆ, ಆಮೇಲೆ ಅಂಗಡಿಯೊಳಗೆ ಹೋಗಿ ಪಂಪಿನ ನಂಬರು ಹೇಳಿ ಕಾಸು ಕೊಡುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ಕಾರ್ಡು, ಅನಂತರ ತೀರ್ಥ. ಅಲ್ಲಿ ಬೆಲೆಯ ಬಾಲಕ್ಕೆ ಸೆಂಟಿನ ಹತ್ತರಲ್ಲಿ ಒಂಬತ್ತು ಭಾಗವನ್ನು ಅಂಟಿಸಿರುತ್ತಾರೆ. ಅಂಥ ನಾಣ್ಯ ಯಾರ ಜೇಬಿನಲ್ಲೂ ಇಲ್ಲ. ನಗಬೇಡಿ. 25 ಪೈಸೆಯ ಚಲಾವಣೆ 2011ರಲ್ಲೇ ನಿಂತರೂ ನಮ್ಮ ಬಂಕ್‌ಗಳು ಇಂದಿಗೂ ಪೈಸೆಯಲ್ಲೇ ಲೆಕ್ಕ ಹೇಳುತ್ತವೆ.

ವರ್ಣಭೇದದಿಂದ ಪ್ರಮಾದಗಳಾಗುವುದುಂಟು. ಬ್ರಿಟನ್ನಿನಲ್ಲಿ ಹಸಿರು ಹಿಡಿಯೆಂದರೆ ಪೆಟ್ರೋಲು. ಜಪಾನಿನಲ್ಲಿ ಹಸಿರು ಡೀಸೆಲ್, ಸಾದಾ ಪೆಟ್ರೋಲಿಗೆ ಕೆಂಪು. ಲಂಡನ್ನಿನಿಂದ ಟೋಕಿಯೋಗೆ ಹೋಗುವ ಭಾವಂದಿರು ಗಮನಿಸಬೇಕು.

ಓರೆಗಾನ್ 2023ರ ಆಗಸ್ಟಿನಲ್ಲಿ ಮತಾಂತರಗೊಂಡು ಪೈಪನ್ನು ಪ್ರಜೆಗಳ ಕೈಗೆ ಕೊಟ್ಟಿತು. ನ್ಯೂಜೆರ್ಸಿ ಕದಲಿಲ್ಲ. ಇಷ್ಟಾದರೂ ಯಾವ ಸಂಖ್ಯೆ ಶ್ರೇಷ್ಠ ಎಂಬ ಸಂಶಯ ತೀರದವರು ಗಾಡಿಯ ಜೊತೆ ಬಂದ ಕೈಪಿಡಿಯನ್ನೇ ಪರಮಪ್ರಮಾಣವೆಂದು ತಿಳಿದು, ಅಲ್ಲಿ 91 ಎಂದಿದ್ದರೆ 91 ಹಾಕಿಸಬೇಕು. ಅಳತೆಯ ಮೇಲೆ ಸಂಶಯವಿದ್ದರೆ ನೂರಾ ಹತ್ತರ ಮಂತ್ರ ಬಿಟ್ಟು 5 ಲೀಟರಿನ ಅಳತೆ ಪಾತ್ರೆ ಕೇಳಿ. ಬಂಕಿನವರು ಅದನ್ನು ಇಟ್ಟಿರಲೇಬೇಕು, ಕೇಳಿದರೆ ಅಳೆದು ತೋರಿಸಲೇಬೇಕು.