ಎರಡನೆಯ ಸಾವು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯಂತಹ ಕಬ್ಬು–ಭತ್ತದ ಸೀಮೆಯಲ್ಲಿ ಜಮೀನುದಾರನಿಗೆ ಸಾವು ಎರಡು ಬಾರಿ ಬರುತ್ತದೆ: ಮೊದಲನೆಯದು ಮನೆಯಲ್ಲಿ, ಎರಡನೆಯದು, ವಾರಸುದಾರರು ಪೌತಿ ಖಾತೆಗೆ, ಅಂದರೆ ಮೃತರ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಕೊಟ್ಟ ಮೇಲೆ ಪಹಣಿಯ 9ನೇ ಕಾಲಂನಲ್ಲಿ. ಅಲ್ಲಿಯವರೆಗೆ, ವರ್ಷಾವರ್ಷ ತಿಥಿಯ ವಡೆ ಉಣ್ಣುವ ಅಜ್ಜನೇ ಸರ್ಕಾರದ ಲೆಕ್ಕದಲ್ಲಿ ಯಜಮಾನ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯು ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಒಪ್ಪಿಸಿತಾದರೂ, ಗೆದ್ದಲಿಗೆ ಜಗ್ಗದ ಆ ಯಂತ್ರಕ್ಕೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು ತಿಳಿಯದು. ಆದ್ದರಿಂದ 40 ಗುಂಟೆಯ ಎಕರೆಯನ್ನೂ 16 ಆಣೆಯ ಗುಂಟೆಯನ್ನೂ ಹಿಸ್ಸೆಗಳಾಗಿ ಬಿಡಿಸುವ ಪೋಡಿಗೆ ಸರ್ವೆಯವರೇ ಗದ್ದೆಗೆ ಇಳಿಯಬೇಕು. ಅವರು ಇಳಿದ ದಿನವೇ ಬದುವಿನ ತೆಂಗಿನ ಮರಕ್ಕೆ ನೆಟ್ಟವರು ಇಬ್ಬರಾಗುತ್ತಾರೆ. ಇಷ್ಟು ಕಾಲ ಕಾಯಿ ಕೆಡವಿಕೊಂಡವರು ಮಾತ್ರ ಯಾರೂ ಇರುವುದಿಲ್ಲ.